ಮಗುವಿಗೆ ಕರಾಟೆ ಕ್ಲಾಸು: ಸೇರಿಸುವ ಮೊದಲು, ಸೇರಿಸಿದ ಮೇಲೆ

ಒಂದೇ ಬಡಾವಣೆಯಲ್ಲಿ ನಾಲ್ಕು ಕರಾಟೆ ಕ್ಲಾಸುಗಳಿರುತ್ತವೆ. ಒಂದು ಕಲ್ಯಾಣಮಂಟಪದ ನೆಲಮಾಳಿಗೆಯಲ್ಲಿ, ಇನ್ನೊಂದು ಶಾಲೆಯ ಅಂಗಳದಲ್ಲಿ, ಮತ್ತೊಂದು ಪಾರ್ಕಿನ ಸಿಮೆಂಟ್ ಕಟ್ಟೆಯ ಮೇಲೆ, ನಾಲ್ಕನೆಯದು ಕನ್ನಡಿ ಹಾಕಿದ ಜಿಮ್ಮಿನಲ್ಲಿ. ನಾಲ್ಕೂ ಕಡೆ ಅದೇ ಬಿಳಿ ಬಟ್ಟೆ, ಅದೇ ಬಣ್ಣದ ಬೆಲ್ಟುಗಳು, ಅದೇ ‘ಇಚಿ, ನಿ, ಸಾನ್’ ಎಣಿಕೆ. ಗೇಟಿನ ಹೊರಗೆ ನಿಂತರೆ ವ್ಯತ್ಯಾಸ ಕಾಣುವುದಿಲ್ಲ. ಒಳಗೆ ಒಂದು ಗಂಟೆ ಕೂತರೆ ಅಜಗಜಾಂತರ ಎಂದು ಗೊತ್ತಾಗುತ್ತದೆ, ಏನನ್ನು ನೋಡಬೇಕು ಎಂಬುದು ತಿಳಿದಿದ್ದರೆ. ವರ್ಷಗಟ್ಟಲೆ ಕಲಿತು, ಕಲಿಸಿ, ಬೆಲ್ಟ್ ಪರೀಕ್ಷೆಯ ಮೇಜಿನ ಹಿಂದೆಯೂ ಕೂತಿರುವ ನಾವು, ಪರಿಚಯದವರ ಮಕ್ಕಳಿಗೆ ಕ್ಲಾಸು ಹುಡುಕುವಾಗ ಯಾವ ಕ್ರಮದಲ್ಲಿ ನೋಡುತ್ತೇವೋ ಅದನ್ನೇ ಇಲ್ಲಿ ಬರೆದಿದ್ದೇವೆ.

ಎಲ್ಲರೂ ಮೊದಲು ಕೇಳುವುದು ‘ಯಾವ ಸ್ಟೈಲ್ ಒಳ್ಳೆಯದು?’ ಎಂದು. ನಮ್ಮ ಊರುಗಳಲ್ಲಿ ಶೋಟೊಕಾನ್, ಶಿಟೊರ್ಯು, ಗೊಜುರ್ಯು ಮೂರೂ ಸಿಗುತ್ತವೆ. ಶೋಟೊಕಾನ್ ಎಂದರೆ ಉದ್ದನೆಯ ನಿಲುವು, ನೇರವಾದ ಹೊಡೆತ. 1922ರಲ್ಲಿ ಒಕಿನಾವಾದಿಂದ ಟೋಕಿಯೊಗೆ ಹೋಗಿ ಕರಾಟೆ ತೋರಿಸಿದ ಗಿಚಿನ್ ಫುನಾಕೊಶಿ ಅವರ ಪರಂಪರೆ. ಗೊಜುರ್ಯುವಿನಲ್ಲಿ ನಿಲುವು ಚಿಕ್ಕದು, ಉಸಿರಿನ ಅಭ್ಯಾಸ ಹೆಚ್ಚು. ಶಿಟೊರ್ಯುವಿನಲ್ಲಿ ಕಲಿಯಬೇಕಾದ ಕಟಾಗಳ, ಅಂದರೆ ಗೊತ್ತಾದ ಕ್ರಮದಲ್ಲಿ ಒಬ್ಬರೇ ಮಾಡುವ ಹೊಡೆತ, ತಡೆಗಳ ಸರಣಿಗಳ ಸಂಖ್ಯೆಯೇ ದೊಡ್ಡದು. ಏಳು ವರ್ಷದ ಮಗುವಿಗೆ ಇದರಲ್ಲಿ ಯಾವುದಾದರೂ ನಡೆಯುತ್ತದೆ. ಒಂದೇ ಸ್ಟೈಲಿನ ಎರಡು ಕ್ಲಾಸುಗಳ ನಡುವೆ ಇರುವ ಅಂತರ, ಎರಡು ಸ್ಟೈಲುಗಳ ನಡುವಿನ ಅಂತರಕ್ಕಿಂತ ಎಷ್ಟೋ ದೊಡ್ಡದು. ಹಾಗಾಗಿ ಮನೆಯಿಂದ ಹದಿನೈದು ನಿಮಿಷದೊಳಗೆ ತಲುಪಬಹುದಾದ ಮೂರು ಕ್ಲಾಸುಗಳನ್ನು ಗುರುತು ಹಾಕಿಕೊಳ್ಳಿ. ದೂರದ ಕ್ಲಾಸು ಎಷ್ಟೇ ಚೆನ್ನಾಗಿರಲಿ, ಜುಲೈ ಮಳೆಯಲ್ಲಿ ವಾರಕ್ಕೆ ಮೂರು ದಿನ ಕರೆದೊಯ್ಯಲಾಗದೆ ಅರ್ಧಕ್ಕೆ ನಿಂತುಹೋಗುತ್ತದೆ.

ಮೊದಲ ಸಲ ಹೋಗುವಾಗ ಮಗುವನ್ನು ಕರೆದೊಯ್ಯಬೇಡಿ. ‘ಡೆಮೊ ಕ್ಲಾಸ್’ ದಿನವೂ ಬೇಡ. ಅವತ್ತು ಎಲ್ಲರೂ ಚೆನ್ನಾಗಿಯೇ ಕಲಿಸುತ್ತಾರೆ. ಮಾಮೂಲಿ ಮಂಗಳವಾರವೋ ಗುರುವಾರವೋ ಹೋಗಿ, ‘ಕೂತು ನೋಡಬಹುದೇ?’ ಎಂದು ಕೇಳಿ. ಇದೇ ಮೊದಲ ಪರೀಕ್ಷೆ. ಪೋಷಕರು ಕೂತರೆ ಮಕ್ಕಳ ಗಮನ ಹಾಳಾಗುತ್ತದೆ ಎನ್ನುವ ಶಿಕ್ಷಕರಿದ್ದಾರೆ. ಆ ಮಾತಿನಲ್ಲಿ ಸ್ವಲ್ಪ ಹುರುಳೂ ಇದೆ. ಆದರೆ ದೂರದ ಮೂಲೆಯಲ್ಲೋ ಬಾಗಿಲಾಚೆಯೋ ಕೂರಲು ಎಂದೂ ಯಾರಿಗೂ ಬಿಡದ ಕ್ಲಾಸಿಗೆ ನಾವು ಯಾವ ಮಗುವನ್ನೂ ಕಳಿಸುವುದಿಲ್ಲ. ಇದು ಬರೀ ಅನುಮಾನದ ಮಾತಲ್ಲ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆಯಡಿ 2020ರಲ್ಲಿ ಬಂದ ನಿಯಮಗಳು ಶಾಲೆ, ಶಿಶುವಿಹಾರಗಳ ಜೊತೆಗೆ ಕ್ರೀಡಾ ಅಕಾಡೆಮಿಗಳನ್ನೂ ಹೆಸರಿಸಿ, ಮಕ್ಕಳ ಜೊತೆ ಒಡನಾಡುವ ಸಿಬ್ಬಂದಿಯ ಪೊಲೀಸ್ ಪರಿಶೀಲನೆಯನ್ನು ಆಗಾಗ ಮಾಡಿಸಬೇಕು ಎನ್ನುತ್ತವೆ. ‘ಪೊಲೀಸ್ ವೆರಿಫಿಕೇಷನ್ ಆಗಿದೆಯೇ ಸರ್?’ ಎಂದು ಕೇಳಲು ಸಂಕೋಚ ಬೇಡ. ಒಳ್ಳೆಯ ಶಿಕ್ಷಕರು ಈ ಪ್ರಶ್ನೆಗೆ ಮುಖ ಕೆಡಿಸಿಕೊಳ್ಳುವುದಿಲ್ಲ.

ಕೂತ ಮೇಲೆ ಶಿಕ್ಷಕರನ್ನು ನೋಡುತ್ತಾ ಕೂರಬೇಡಿ. ಮುಂದಿನ ಸಾಲಿನ ಕಪ್ಪು, ಕಂದು ಬೆಲ್ಟಿನವರನ್ನೂ ನೋಡಬೇಡಿ; ಅವರು ಎಲ್ಲಿದ್ದರೂ ಚೆನ್ನಾಗಿಯೇ ಮಾಡುವ ಮಕ್ಕಳಾಗಿರಬಹುದು. ಹಿಂದಿನ ಸಾಲಿನಲ್ಲಿ, ಅಂಚಿನಲ್ಲಿ ನಿಂತ ಒಂದು ಮಗುವನ್ನು ಆರಿಸಿಕೊಳ್ಳಿ. ಸ್ವಲ್ಪ ದಪ್ಪಗಿರುವ, ಅಥವಾ ಆಚೀಚೆ ನೋಡುವ, ಎಡಬಲ ಮರೆಯುವ ಮಗು. ಇಡೀ ಗಂಟೆ ಆ ಮಗುವಿಗೆ ಏನಾಗುತ್ತದೆ ಎಂದಷ್ಟೇ ನೋಡಿ, ಒಂದು ಚೀಟಿಯಲ್ಲಿ ಗೆರೆ ಹಾಕುತ್ತಾ ಹೋಗಿ. ಮೂರು ಕಾಲಂ ಸಾಕು. ಶಿಕ್ಷಕರು ಇಡೀ ಗುಂಪಿಗೆ ‘ಜೋರಾಗಿ! ಇನ್ನೂ ಜೋರಾಗಿ!’ ಎಂದು ಕೂಗಿದ್ದು ಮೊದಲನೆಯದು. ಆ ಮಗುವಿನ ಹತ್ತಿರ ಬಂದು ತಪ್ಪು ಇಂಥದ್ದು ಎಂದು ಹೇಳಿದ್ದು ಎರಡನೆಯದು. ಹೇಳಿ, ಸರಿಮಾಡಿಸಿ, ಐದು ನಿಮಿಷದ ನಂತರ ತಿರುಗಿ ಬಂದು ಅದೇ ವಿಷಯ ನೋಡಿದ್ದು ಮೂರನೆಯದು. ಮೊದಲ ಕಾಲಮಿನಲ್ಲಿ ಐವತ್ತು ಗೆರೆ ಬಿದ್ದು ಉಳಿದೆರಡು ಖಾಲಿ ಇದ್ದರೆ, ಅಲ್ಲಿ ನಡೆಯುತ್ತಿರುವುದು ವ್ಯಾಯಾಮ. ಅದೂ ಒಳ್ಳೆಯದೇ, ಆದರೆ ಕಲಿಕೆಯಲ್ಲ. ಮೂರನೆಯ ಕಾಲಮಿನಲ್ಲಿ ಒಂದೇ ಒಂದು ಗೆರೆ ಬಿದ್ದರೂ ಆ ಕ್ಲಾಸನ್ನು ಪಟ್ಟಿಯಲ್ಲಿ ಉಳಿಸಿಕೊಳ್ಳಿ. ಹೇಳಿದ್ದು ಮಗುವಿಗೆ ಹತ್ತಿತೋ ಇಲ್ಲವೋ ಎಂದು ತಿರುಗಿ ಬಂದು ನೋಡುವವರು ನಿಜಕ್ಕೂ ಕಡಿಮೆ.

ಮಕ್ಕಳ ಸಂಖ್ಯೆಯ ಲೆಕ್ಕವನ್ನೂ ಇಲ್ಲೇ ಹಾಕಿಬಿಡಿ. ಒಂದು ಗಂಟೆಯ ಕ್ಲಾಸಿನಲ್ಲಿ ಸಾಲು ನಿಲ್ಲಿಸಿ ವಂದಿಸುವುದಕ್ಕೆ ಐದು ನಿಮಿಷ, ಮೈ ಬಿಸಿ ಮಾಡುವುದಕ್ಕೆ ಹದಿನೈದು ನಿಮಿಷ ಹೋದರೆ ಉಳಿಯುವುದು 40. ಇಪ್ಪತ್ತು ಮಕ್ಕಳಿದ್ದರೆ ಒಬ್ಬೊಬ್ಬರಿಗೆ ಎರಡು ನಿಮಿಷ, ನಲವತ್ತು ಮಕ್ಕಳಿದ್ದರೆ ಒಂದೇ ನಿಮಿಷ. ಸಹಾಯಕರಿಲ್ಲದ ಒಬ್ಬ ಶಿಕ್ಷಕರಿಗೆ ಇಪ್ಪತ್ತು ಮಕ್ಕಳೇ ಮಿತಿ ಎಂಬುದು ನಮ್ಮ ಅಭಿಪ್ರಾಯ. ದೊಡ್ಡ ಬೆಲ್ಟಿನ ಮಕ್ಕಳು ಚಿಕ್ಕವರಿಗೆ ಹೇಳಿಕೊಡುವುದು ತಪ್ಪಲ್ಲ, ಅದು ದೊಡ್ಡವರ ಕಲಿಕೆಯೂ ಹೌದು. ಆದರೆ ಹದಿಮೂರು ವರ್ಷದ ಹುಡುಗನ ಕೈಗೆ ಹದಿನೈದು ಮಕ್ಕಳನ್ನು ಕೊಟ್ಟು ಮುಖ್ಯ ಶಿಕ್ಷಕರು ಮೊಬೈಲ್ ಹಿಡಿದು ಕೂತರೆ, ನೀವು ಕೊಡುವ ಶುಲ್ಕ ಆ ಹುಡುಗನಿಗೆ ಹೋಗಬೇಕಿತ್ತು.

ಮೈ ಬಿಸಿ ಮಾಡುವ ಹದಿನೈದು ನಿಮಿಷದಲ್ಲೇ ಅರ್ಧ ಗೊತ್ತಾಗಿಬಿಡುತ್ತದೆ. ಮೆಲ್ಲನೆ ಓಟ, ಕೀಲುಗಳನ್ನು ತಿರುಗಿಸುವುದು, ಬಸ್ಕಿ, ಕಾಲು ಬೀಸುವುದು ಎಂದು ಹಗುರದಿಂದ ಬಿರುಸಿಗೆ ಹೋಗಬೇಕು. ತಣ್ಣಗಿರುವ ಮೈಯಲ್ಲಿ ಮೊದಲಿಗೇ ಕಾಲು ಅಗಲಿಸಿ ಕೂರಿಸುವುದು ತಪ್ಪು. ಅದಕ್ಕಿಂತ ದೊಡ್ಡ ತಪ್ಪೆಂದರೆ ಕಾಲು ಅಗಲಿಸಿ ಕೂತ ಮಗುವಿನ ತೊಡೆಯ ಮೇಲೆ ಇನ್ನೊಬ್ಬರು ನಿಲ್ಲುವುದು, ಬೆನ್ನನ್ನು ಒತ್ತುವುದು. ಬೆಳೆಯುವ ವಯಸ್ಸಿನಲ್ಲಿ ಎಲುಬಿನ ತುದಿಗಳು ಇನ್ನೂ ಮೃದು. ಸ್ನಾಯು ಹಿಡಿದುಕೊಂಡ ಜಾಗದಲ್ಲೇ ಎಲುಬಿನ ಚೂರು ಕಿತ್ತು ಬರಬಹುದು. ಮಗು ಅಳುವುದನ್ನು ‘ಗಟ್ಟಿಯಾಗುತ್ತಿದೆ’ ಎಂದುಕೊಳ್ಳುವ ಕ್ಲಾಸಿನಿಂದ ಎದ್ದು ಬನ್ನಿ. ಸಿಮೆಂಟ್ ನೆಲದಲ್ಲಿ ಬೆರಳ ಗೆಣ್ಣಿನ ಮೇಲೆ ದಂಡ ಹೊಡೆಸುವುದು, ಕುಕ್ಕರಗಾಲಲ್ಲಿ ಕೂತು ಹಾಲ್ ಸುತ್ತಾ ಬಾತಿನ ನಡಿಗೆ ಮಾಡಿಸುವುದು, ಇವೂ ಮಕ್ಕಳಿಗೆ ಬೇಡ. ಮಂಡಿಯ ಚಿಪ್ಪಿನ ಕೆಳಗೆ ಗಂಟು ಊದಿಕೊಂಡು, ಮೆಟ್ಟಿಲು ಹತ್ತುವಾಗ ನೋವು ಎನ್ನುವ ಹನ್ನೊಂದು ಹನ್ನೆರಡರ ಮಕ್ಕಳಲ್ಲಿ ಹಲವರು ಹೀಗೆ ಹಾರಿ ಕೂತು ಮಾಡುವವರೇ. ಆಸ್‌ಗುಡ್ ಶ್ಲಾಟರ್ ಎಂಬ ಈ ತೊಂದರೆ ವಿಶ್ರಾಂತಿ ಕೊಟ್ಟರೆ ಬಹುಮಟ್ಟಿಗೆ ತಾನಾಗಿ ಹೋಗುತ್ತದೆ. ಹಟ ಹಿಡಿದು ಹಾರಿಸಿದರೆ ತಿಂಗಳುಗಟ್ಟಲೆ ಎಳೆಯುತ್ತದೆ.

ತಡವಾಗಿ ಬಂದದ್ದಕ್ಕೆ ಶಿಕ್ಷೆಯೆಂದು ಇನ್ನೂರು ಬಸ್ಕಿ ಹೊಡೆಸುವ ಚಾಳಿ ಇನ್ನೂ ಬಿಟ್ಟಿಲ್ಲ. ಅಭ್ಯಾಸವಿಲ್ಲದ ಮೈಗೆ ಒಮ್ಮೆಲೇ ಅಷ್ಟು ಹೊರೆ ಬಿದ್ದರೆ ಸ್ನಾಯು ಒಡೆದು ಅದರ ಅಂಶ ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಪೆಟ್ಟಾಗಬಹುದು. ಮರುದಿನ ತೊಡೆ ವಿಪರೀತ ಊದಿ, ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಬಾಯಾರಿದ ಮಗುವಿಗೆ ನೀರು ಕುಡಿಯಲು ಬಿಡದಿರುವುದು ಶಿಸ್ತು ಅಲ್ಲವೇ ಅಲ್ಲ.

ಇನ್ನು ನೆಲ. ಒಗಟಿನ ತುಂಡುಗಳಂತೆ ಒಂದಕ್ಕೊಂದು ಸಿಕ್ಕಿಸುವ, ಒಂದು ಮೀಟರ್ ಚೌಕದ, 20ರಿಂದ 25 ಮಿಲಿಮೀಟರ್ ದಪ್ಪದ ಮ್ಯಾಟು ಕರಾಟೆಗೆ ಸಾಕು. ಬೀಳಿಸುವ, ಎಸೆಯುವ ಜೂಡೊಗೆ ಸುಮಾರು 40 ಮಿಲಿಮೀಟರ್ ಬೇಕು. ತುಂಡುಗಳ ನಡುವೆ ಬೆರಳು ಹೋಗುವಷ್ಟು ಸಂದು ಇದೆಯೇ ನೋಡಿ. ಕಾಲ್ಬೆರಳು ಮುರಿಯುವುದು ಅಲ್ಲೇ. ಮ್ಯಾಟು ಇಲ್ಲದ ಕ್ಲಾಸು ಕೆಟ್ಟದ್ದೆಂದಲ್ಲ. ಶಾಲೆಯ ಮಣ್ಣಿನ ಅಂಗಳದಲ್ಲಿ ಅಚ್ಚುಕಟ್ಟಾಗಿ ಕಲಿಸುವವರಿದ್ದಾರೆ. ಆದರೆ ಅಂಥ ಕಡೆ ಎಸೆತ, ಹಾರಿ ಒದೆಯುವುದು ಇರಬಾರದು. ಅದನ್ನು ಅರಿತು ಬಿಟ್ಟಿದ್ದಾರೆಯೇ ಎಂಬುದೇ ಶಿಕ್ಷಕರ ಅಳತೆ.

ತಿದ್ದುವುದು ಎಂದರೆ ಏನೆಂದು ಒಂದು ಒದೆತವನ್ನು ಹಿಡಿದುಕೊಂಡೇ ನೋಡೋಣ. ಪಕ್ಕದಿಂದ ಸುತ್ತಿ ಬರುವ ಒದೆತಕ್ಕೆ ಮವಾಶಿ ಗೇರಿ ಎಂದು ಹೆಸರು. ನೋಡುವವರ ಕಣ್ಣು ಮೇಲೆ ಹೋದ ಕಾಲಿನ ಮೇಲಿರುತ್ತದೆ. ಕಲಿಸುವವರ ಕಣ್ಣು ನೆಲದ ಮೇಲಿನ ಪಾದದ ಮೇಲಿರಬೇಕು. ಒದೆಯುವಾಗ ಆ ಪಾದ ತಿರುಗಿ, ಹಿಮ್ಮಡಿ ಎದುರಾಳಿಯ ಕಡೆಗೆ ಬರಬೇಕು. ಪಾದ ತಿರುಗದಿದ್ದರೆ ಸೊಂಟ ತಿರುಗುವುದಿಲ್ಲ. ಸೊಂಟ ತಿರುಗದಿದ್ದರೂ ಕಾಲು ಸುತ್ತಿ ಬರಲೇಬೇಕಲ್ಲ, ಆ ತಿರುಚು ಪೂರ್ತಿ ನಿಂತ ಕಾಲಿನ ಮಂಡಿಯ ಮೇಲೆ ಬೀಳುತ್ತದೆ. ಒರಟು ಸಿಮೆಂಟಿನ ಮೇಲೆ, ಬೆವರಿಗೆ ಅಂಟುವ ಹೊಸ ರಬ್ಬರ್ ಮ್ಯಾಟಿನ ಮೇಲೆ ಬರಿಗಾಲು ತಿರುಗುವುದೇ ಕಷ್ಟ. ಹಿಮ್ಮಡಿಯನ್ನು ಕೂದಲೆಳೆಯಷ್ಟು ಎತ್ತಿ, ಪಾದದ ಮುಂಭಾಗದ ಮೇಲೆ ತಿರುಗಲು ಬಿಡಿಸಿ ಹೇಳಿಕೊಡಬೇಕು.

ಬಲ್ಲ ಶಿಕ್ಷಕರು ಇದನ್ನು ಗೋಡೆಯ ಹತ್ತಿರ ಮಾಡಿಸುತ್ತಾರೆ. ಒಂದು ಕೈ ಗೋಡೆಗೆ. ಒಂದು ಎಂದಾಗ ಮಂಡಿ ಮಡಿಸಿ ಪಕ್ಕಕ್ಕೆ ಎತ್ತುವುದು, ನಾಯಿ ಕಂಬದ ಬಳಿ ಕಾಲೆತ್ತಿದ ಹಾಗೆ. ಮಕ್ಕಳು ನಗುತ್ತಾರೆ, ಆದರೆ ಮರೆಯುವುದಿಲ್ಲ. ಎರಡು ಎಂದಾಗ ನಿಂತ ಪಾದ ತಿರುಗಿಸುವುದು. ಮೂರಕ್ಕೆ ಮಂಡಿಯಿಂದ ಕೆಳಗಿನ ಕಾಲು ಚಾಚುವುದು, ನಾಲ್ಕಕ್ಕೆ ಅದನ್ನು ಮಡಿಸಿ ಹಿಂದಕ್ಕೆ ತರುವುದು, ಐದಕ್ಕೆ ಇಳಿಸುವುದು. ಮೊದಲ ಕೆಲವು ವಾರ ಎತ್ತರ ಸೊಂಟಕ್ಕಿಂತ ಮೇಲೆ ಬೇಡ. ನಾಲ್ಕನೆಯದನ್ನು ಬಿಟ್ಟು ಮೂರರಿಂದ ಐದಕ್ಕೆ ಹಾರುವುದು ಎಲ್ಲ ಮಕ್ಕಳ ರೋಗ. ಕಾಲು ಹಾಗೇ ದೊಪ್ಪೆಂದು ಬೀಳುತ್ತದೆ, ಸಮತೋಲ ಹೋಗುತ್ತದೆ. ಅರ್ಧಂಬರ್ಧ ಕಲಿಸುವವರು ‘ಮೇಲಕ್ಕೆ! ತಲೆಗೆ! ತಲೆಗೆ!’ ಎನ್ನುತ್ತಾರೆ. ಮಗು ಎತ್ತರಕ್ಕೋಸ್ಕರ ಬೆನ್ನು ಹಿಂದೆ ಬಗ್ಗಿಸಿ, ಕೈಗಳನ್ನು ಕೆಳಗೆ ಬಿಟ್ಟು, ನಿಂತ ಪಾದವನ್ನು ಹಾಗೇ ಇಟ್ಟುಕೊಂಡು ಒದೆಯುತ್ತದೆ. ಫೋಟೊಗೆ ಚೆನ್ನ. ಮಂಡಿ ಎರಡು ವರ್ಷ ತಾಳಬಹುದು, ಮೂರು ವರ್ಷ ತಾಳಬಹುದು.

ಹಳೆಯ ಗರಡಿಮನೆಗಳ ನೆನಪು ಬರುವುದು ಇಲ್ಲೇ. ಕುಸ್ತಿಯ ಮಣ್ಣಿನ ಕಣಕ್ಕೆ ಇಳಿದು, ತನ್ನ ಮೈಮೇಲೆಯೇ ಪಟ್ಟು ಹಾಕಿಸಿಕೊಂಡು, ಹಿಡಿತ ಎಲ್ಲಿ ಸಡಿಲವಾಗಿದೆ ಎಂದು ಮೈಯಿಂದಲೇ ತಿಳಿದು ಹೇಳುವ ಉಸ್ತಾದರ ಕ್ರಮದಲ್ಲಿ ತಿದ್ದುವುದು ತಪ್ಪುವ ಹಾಗೇ ಇರಲಿಲ್ಲ. ಕರಾಟೆಯಲ್ಲಿ ಗಾಳಿಗೆ ಹೊಡೆಯುವುದು ಹೆಚ್ಚು, ಹಾಗಾಗಿ ತಪ್ಪು ಯಾರಿಗೂ ತಾಗದೆ ವರ್ಷಗಟ್ಟಲೆ ಉಳಿದುಬಿಡುತ್ತದೆ. ಕೈಯಲ್ಲಿ ಹಿಡಿದು ಹೊಡೆಸಿಕೊಳ್ಳುವ ಪ್ಯಾಡುಗಳು ಕ್ಲಾಸಿನಲ್ಲಿ ಇವೆಯೇ, ವಾರಕ್ಕೊಮ್ಮೆಯಾದರೂ ಹೊರಗೆ ಬರುತ್ತವೆಯೇ ಎಂದು ಕೇಳುವುದು ಅದಕ್ಕೇ. ಮಣಿಕಟ್ಟು ಮಡಿಚಿ ಗುದ್ದಿದರೆ ಪ್ಯಾಡಿನ ಮೇಲೆ ಒಂದೇ ಏಟಿಗೆ ಗೊತ್ತಾಗುತ್ತದೆ.

ಕಟಾ ನೋಡುವುದಕ್ಕೆ ನಮ್ಮದೊಂದು ಸುಲಭದ ಅಳತೆ ಇದೆ. ಶೋಟೊಕಾನಿನ ಮೊದಲ ಕಟಾ ಹೆಯಾನ್ ಶೋದಾನ್. 21 ಎಣಿಕೆ, ಎರಡು ಕಡೆ ಕಿಯಾಯ್ ಕೂಗು, ಒಂಬತ್ತರಲ್ಲಿ ಮತ್ತು ಹದಿನೇಳರಲ್ಲಿ. ಮಗು ನಡೆಯುವ ದಾರಿ ಇಂಗ್ಲಿಷಿನ ದೊಡ್ಡ ‘ಐ’ ಅಕ್ಷರದ ಹಾಗೆ. ಎಲ್ಲಾ ಹೆಜ್ಜೆಗಳ ಉದ್ದ ಒಂದೇ ಇದ್ದರೆ ಶುರುಮಾಡಿದ ಜಾಗಕ್ಕೇ ಬಂದು ಮುಗಿಯುತ್ತದೆ. ಮಗುವಿನ ಪಾದದ ಬಳಿ ಚಾಕ್‌ಪೀಸಿನಿಂದ ಗುರುತು ಮಾಡಿ, ಕಟಾ ಮುಗಿದಾಗ ಎಲ್ಲಿ ನಿಂತಿದೆ ನೋಡಿ. ಒಂದು ಪಾದದಷ್ಟು ಆಚೀಚೆ ಆದರೆ ಚೆನ್ನಾಗಿ ಕಲಿತಿದೆ. ಎರಡು ಹೆಜ್ಜೆ ದೂರ ಇದ್ದರೆ ಎಲ್ಲೋ ನಿಲುವು ಗಿಡ್ಡವಾಗಿದೆ ಅಥವಾ ತಿರುವು ತಪ್ಪಿದೆ.

ಸಾಮಾನ್ಯವಾಗಿ ತಪ್ಪುವುದು ಹತ್ತನೆಯ ಎಣಿಕೆಯ ತಿರುವು. ಒಂಬತ್ತರಲ್ಲಿ ಬಲಗಾಲು ಮುಂದಿರುತ್ತದೆ, ಬಲಗೈ ಹಣೆಯ ಮೇಲೆ ತಡೆ ಹಿಡಿದಿರುತ್ತದೆ. ಅಲ್ಲಿಂದ ಬಲಗಾಲನ್ನೇ ಗೂಟ ಮಾಡಿಕೊಂಡು, ಬೆನ್ನ ಕಡೆಯಿಂದ 270 ಡಿಗ್ರಿ ಸುತ್ತಿ, ಎಡಗಾಲು ಹೊಸ ದಿಕ್ಕಿಗೆ ಇಡಬೇಕು. ಮಕ್ಕಳು ಸುತ್ತುವಾಗ ಎದ್ದು ನಿಂತುಬಿಡುತ್ತಾರೆ, ಎರಡೂ ಪಾದ ಒಂದೇ ಗೆರೆಯ ಮೇಲೆ ಬಿದ್ದು ಹಗ್ಗದ ಮೇಲೆ ನಿಂತವರಂತೆ ತೂಗಾಡುತ್ತಾರೆ. ಮುಂಗಾಲು ಮಡಿಸಿ ಹಿಂಗಾಲು ಚಾಚುವ ನಿಲುವಿನಲ್ಲಿ ಪಾದಗಳ ನಡುವೆ ಸೊಂಟದಷ್ಟು ಅಗಲ ಇರಬೇಕು, ಮುಂಗಾಲಿನ ಮೇಲೆ ಸುಮಾರು 60 ಭಾಗ ಭಾರ, ಹಿಂಗಾಲಿನ ಮೇಲೆ 40. ಆ ಅಗಲ ಸುತ್ತುವಾಗ ಕಳೆದುಹೋಗುತ್ತದೆ. ಇದನ್ನು ಬಿಡಿಸುವ ಕ್ರಮವೆಂದರೆ ಮೊದಲು ತಲೆ ತಿರುಗಿಸಿ ಹೊಸ ದಿಕ್ಕು ನೋಡು, ಆಮೇಲೆ ಕಾಲು, ಆಮೇಲೆ ಸೊಂಟ, ಕೊನೆಗೆ ಕೈ. ನಾಲ್ಕು ಎಣಿಕೆ ಮಾಡಿ, ನೆಲಕ್ಕೆ ಅಂಟುಪಟ್ಟಿ ಹಚ್ಚಿ, ಅದೊಂದೇ ತಿರುವನ್ನು ಇಪ್ಪತ್ತು ಸಲ ಮಾಡಿಸಿದರೆ ಎರಡು ವಾರದಲ್ಲಿ ಕೂರುತ್ತದೆ. ಇಡೀ ಕಟಾವನ್ನು ಮೊದಲಿಂದ ಕೊನೆವರೆಗೆ ಇಪ್ಪತ್ತು ಸಲ ಮಾಡಿಸಿದರೆ ತಪ್ಪು ಇಪ್ಪತ್ತು ಸಲ ಗಟ್ಟಿಯಾಗುತ್ತದೆ. ಎರಡು ಕ್ಲಾಸುಗಳ ನಡುವಿನ ವ್ಯತ್ಯಾಸವನ್ನು ಒಂದೇ ಕಡೆ ತೋರಿಸು ಎಂದರೆ ನಾವು ಈ ತಿರುವನ್ನು ತೋರಿಸುತ್ತೇವೆ.

ಕುಮಿತೆ, ಅಂದರೆ ಎದುರುಬದುರು ನಿಂತು ಆಡುವುದು, ಮೊದಲ ತಿಂಗಳೇ ಶುರುವಾದರೆ ಹುಷಾರು. ಕ್ರಮ ಬಲ್ಲವರು ಐದು ಹೆಜ್ಜೆಯ ಗೊಹೊನ್ ಕುಮಿತೆಯಿಂದ ಆರಂಭಿಸುತ್ತಾರೆ: ಒಬ್ಬರು ಹೇಳಿ ಹೊಡೆಯುತ್ತಾರೆ, ಇನ್ನೊಬ್ಬರು ತಡೆಯುತ್ತಾರೆ, ಐದನೆಯದಕ್ಕೆ ತಡೆದವರಿಂದ ಪ್ರತಿಹೊಡೆತ. ಇದರಲ್ಲಿ ಮಗು ಕಲಿಯುವುದು ಅಂತರ. ಆಮೇಲೆ ಒಂದೇ ಹೆಜ್ಜೆಯದು, ಅದಾದ ಮೇಲಷ್ಟೇ ಸ್ವತಂತ್ರವಾಗಿ ಆಡುವುದು. ಆಗ ಕೈಗವಸು, ಮೊಳಕಾಲ ಕೆಳಗಿನ ಕವಚ, ಹಲ್ಲಿನ ರಕ್ಷೆ, ಗಂಡುಮಕ್ಕಳಿಗೆ ತೊಡೆಸಂದಿನ ಗಾರ್ಡ್ ಇರಲೇಬೇಕು. ಒಬ್ಬರ ಹಲ್ಲಿನ ರಕ್ಷೆ ಇನ್ನೊಬ್ಬರಿಗೆ ಕೊಡುವ ಕ್ಲಾಸುಗಳೂ ಇವೆ. ನಿಮ್ಮದನ್ನು ನೀವೇ ಕೊಂಡು, ಬಿಸಿನೀರಿನಲ್ಲಿ ಮೆತ್ತಗೆ ಮಾಡಿ, ಮಗುವಿನ ಹಲ್ಲಿಗೆ ಕೂರಿಸಿ ಕಳಿಸಿ.

ಶಿಕ್ಷಕರನ್ನು ಕೇಳಲೇಬೇಕಾದ ಪ್ರಶ್ನೆ ಒಂದಿದೆ: ‘ತಲೆಗೆ ಪೆಟ್ಟಾದರೆ ಏನು ಮಾಡುತ್ತೀರಿ?’ ‘ಅವತ್ತು ಆಟ ಬಂದ್, ಮನೆಯವರಿಗೆ ಫೋನ್, ಡಾಕ್ಟರ್ ಹೇಳುವ ತನಕ ಕುಮಿತೆ ಇಲ್ಲ’ ಎಂಬ ಉತ್ತರ ತಡವಿಲ್ಲದೆ ಬರಬೇಕು. ತಲೆನೋವು, ವಾಂತಿ, ಮಂಕುತನ, ಹೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು ಕಂಡರೆ ಆಸ್ಪತ್ರೆಗೆ ಹೋಗಲೇಬೇಕು. ಪ್ರಜ್ಞೆ ತಪ್ಪದಿದ್ದರೂ ಮಿದುಳಿಗೆ ಪೆಟ್ಟಾಗಿರಬಹುದು. ‘ನೀರು ಚಿಮುಕಿಸಿ ಎಬ್ಬಿಸಿ ಮತ್ತೆ ನಿಲ್ಲಿಸುತ್ತೇವೆ, ಗಂಡೆದೆ ಬರಬೇಕಲ್ಲ’ ಎನ್ನುವ ಕಡೆ ಮಾತು ಮುಂದುವರಿಸುವುದೇ ಬೇಡ.

ಕ್ಲಾಸು ಮುಗಿದ ಮೇಲೆ ಶಿಕ್ಷಕರ ಜೊತೆ ಹತ್ತು ನಿಮಿಷ ಮಾತಾಡಿ. ಯಾರ ಬಳಿ ಕಲಿತರು, ಈಗಲೂ ಯಾರ ಬಳಿ ಕಲಿಯುತ್ತಿದ್ದಾರೆ ಎಂದು ಕೇಳಿ. ಎರಡನೆಯ ಪ್ರಶ್ನೆಗೆ ಬರುವ ಉತ್ತರವೇ ಮುಖ್ಯ. ಗೋಡೆಯ ಮೇಲಿನ ಸರ್ಟಿಫಿಕೇಟುಗಳನ್ನು ನೋಡಿ ಬೆರಗಾಗಬೇಡಿ. ಕಪ್ಪು ಬೆಲ್ಟಿಗೆ ಮುಂಚಿನ ಕ್ಯು, ಕಪ್ಪು ಬೆಲ್ಟಿನಿಂದ ಮೇಲಿನ ಡಾನ್ ಎಂಬ ದರ್ಜೆಗಳನ್ನು ತಂದವರು ಜೂಡೊ ಕಟ್ಟಿದ ಜಿಗೊರೊ ಕಾನೊ. ಫುನಾಕೊಶಿ ಅದನ್ನು ಕರಾಟೆಗೆ ತಂದು 1924ರಲ್ಲಿ ಮೊದಲ ಕಪ್ಪು ಬೆಲ್ಟುಗಳನ್ನು ಕೊಟ್ಟರು. ಇವತ್ತಿಗೂ ಡಾನ್ ಕೊಡಲು ಜಗತ್ತಿಗೆಲ್ಲ ಒಂದೇ ಪ್ರಾಧಿಕಾರ ಎಂಬುದಿಲ್ಲ. ಯಾರು ಬೇಕಾದರೂ ಸಂಘ ಕಟ್ಟಿ ಅಚ್ಚು ಹಾಕಿಸಬಹುದು. ಟೇಕ್ವಾಂಡೊದಲ್ಲಿ ಸೋಲ್ ನಗರದ ಕುಕ್ಕಿವಾನ್ ಕೊಡುವ ಡಾನ್ ಪತ್ರಕ್ಕೆ ಸಂಖ್ಯೆ ಇರುತ್ತದೆ, ಪರಿಶೀಲಿಸಬಹುದು. ಕರಾಟೆಯಲ್ಲಿ ಸಂಘಟನೆಯಿಂದ ಸಂಘಟನೆಗೆ ಬೇರೆ. ಬಹುತೇಕ ಕಡೆ ಮೇಲಿನ ಡಾನ್‌ಗೆ ಕಾಯಬೇಕಾದ ವರ್ಷಗಳು ಏರುತ್ತಾ ಹೋಗುತ್ತವೆ. ಹಾಗಾಗಿ ಮೂವತ್ತೈದರ ವಯಸ್ಸಿಗೆ ಎಂಟನೆಯ ಡಾನ್ ಎಂದರೆ, ಪ್ರತಿಯೊಂದು ಡಾನ್ ಯಾವ ವರ್ಷ, ಯಾರಿಂದ ಬಂತು ಎಂದು ಗೌರವದಿಂದಲೇ ಕೇಳಿ. ಎರಡನೆಯ ಡಾನ್ ಇಟ್ಟುಕೊಂಡು, ಪ್ರಥಮ ಚಿಕಿತ್ಸೆಯ ತರಬೇತಿ ಪಡೆದು, ಹಿಂದಿನ ಸಾಲಿನ ಮಗುವಿನ ಹೆಸರು ಹಿಡಿದು ಕರೆಯುವ ಶಿಕ್ಷಕಿ ಸಿಕ್ಕರೆ ನಾವು ಅಲ್ಲೇ ಸೇರಿಸುತ್ತೇವೆ.

ದುಡ್ಡಿನ ಲೆಕ್ಕವನ್ನು ಮೊದಲ ದಿನವೇ ಪೂರ್ತಿ ಕೇಳಿ. ತಿಂಗಳಿಗೆ 1,000 ರೂಪಾಯಿ ಎಂದಿಟ್ಟುಕೊಳ್ಳಿ. ವರ್ಷಕ್ಕೆ 12,000. ಮೂರು ತಿಂಗಳಿಗೊಂದು ಬೆಲ್ಟ್ ಪರೀಕ್ಷೆ, ಒಂದಕ್ಕೆ 1,500 ಆದರೆ 6,000. ಎರಡು ‘ಕಡ್ಡಾಯ’ ಟೂರ್ನಮೆಂಟು, ಒಂದು ಕ್ಯಾಂಪು, ಬಟ್ಟೆ, ಕವಚ ಎಲ್ಲ ಸೇರಿದರೆ ಹೇಳಿದ ಶುಲ್ಕದ ಎರಡು ಪಟ್ಟಾಗುತ್ತದೆ. ಶಿಕ್ಷಕರೂ ಬದುಕಬೇಕು, ಹಾಲಿಗೆ ಬಾಡಿಗೆ ಕಟ್ಟಬೇಕು. ಹೆಚ್ಚು ಶುಲ್ಕ ತಪ್ಪಲ್ಲ. ಆದಾಯ ಪರೀಕ್ಷೆಯ ಮೇಲೆ ನಿಂತಾಗ ಮಾತ್ರ ಕಲಿಕೆ ಕೆಡುತ್ತದೆ, ಏಕೆಂದರೆ ಆಗ ಯಾರನ್ನೂ ಫೇಲ್ ಮಾಡುವ ಹಾಗಿಲ್ಲ. ‘ಕಳೆದ ಪರೀಕ್ಷೆಯಲ್ಲಿ ಎಷ್ಟು ಮಕ್ಕಳು ಕೂತರು, ಎಷ್ಟು ಮಂದಿಗೆ ಮತ್ತೊಮ್ಮೆ ಬರಲು ಹೇಳಿದಿರಿ?’ ಎಂದು ಕೇಳಿ ನೋಡಿ. ವರ್ಷದ ಶುಲ್ಕ ಮುಂಗಡ ಕಟ್ಟಿದರೆ ರಿಯಾಯಿತಿ ಎಂದರೆ ಬೇಡ; ಮೂರು ತಿಂಗಳಿಗೆ ಮೇಲೆ ಕಟ್ಟಬೇಡಿ.

ಈಗ ಮಗುವನ್ನು ಕರೆದೊಯ್ಯಿರಿ. ಮೂರರಲ್ಲಿ ಉಳಿದ ಎರಡು ಕ್ಲಾಸುಗಳಲ್ಲಿ ಎರಡೆರಡು ದಿನ. ಮನೆಗೆ ಬಂದ ಮೇಲೆ ‘ಮಜಾ ಬಂತಾ?’ ಎಂದು ಕೇಳುವ ಬದಲು, ‘ಸರ್ ಇವತ್ತು ನಿನಗೆ ಏನು ತಿದ್ದಿದರು?’ ಎಂದು ಕೇಳಿ. ‘ಹಿಂದಿನ ಹಿಮ್ಮಡಿ ಏಳಬಾರದಂತೆ’ ಎಂದು ಮಗು ಕಾಲು ಇಟ್ಟು ತೋರಿಸಿದರೆ ಆಯ್ಕೆ ಅಲ್ಲಿಗೆ ಮುಗಿಯಿತು. ಸೇರಿದ ಮೇಲೂ ವಾರಕ್ಕೊಮ್ಮೆ ಇದೇ ಪ್ರಶ್ನೆ ಸಾಕು. ಒಂದು ತಿಂಗಳಾದರೂ ‘ಏನೂ ಇಲ್ಲ’ ಎಂದೇ ಉತ್ತರ ಬಂದರೆ ಮತ್ತೆ ಹೋಗಿ ಚೀಟಿ ಹಿಡಿದು ಕೂರಿ.

ಮೂರು ತಿಂಗಳಿಗೆ ಏನು ಬಂದಿರಬೇಕು? ವಾರಕ್ಕೆ ಮೂರು ದಿನ ಹೋದ ಏಳೆಂಟು ವರ್ಷದ ಮಗು ಮಂಡಿ ಸೊಂಟದ ಮಟ್ಟಕ್ಕೆ ಎತ್ತಿ ಒಂಟಿ ಕಾಲಲ್ಲಿ ಹತ್ತು ಸೆಕೆಂಡ್ ಅಲುಗದೆ ನಿಲ್ಲಬೇಕು. ಹೆಬ್ಬೆರಳು ಹೊರಗಿಟ್ಟು ಮುಷ್ಟಿ ಕಟ್ಟಬೇಕು. ಒಳಗಿಟ್ಟು ಗುದ್ದಿದರೆ ಹೆಬ್ಬೆರಳೇ ಮುರಿಯುತ್ತದೆ. ಮುಂಗಾಲು ಮಡಿಸಿದ ಆ ನಿಲುವು, ನೇರ ಗುದ್ದು, ಮೂರು ತಡೆ, ಮುಂದಕ್ಕೆ ಒದೆಯುವ ಮಾಯೆ ಗೇರಿ ಗೊತ್ತಿರಬೇಕು. ಒದ್ದ ಮೇಲೆ ಕಾಲು ಮಡಿಸಿ ಹಿಂದೆ ತರಬೇಕು. ಬಿದ್ದರೆ ಗಲ್ಲ ಎದೆಗೆ ಒತ್ತಿಕೊಂಡು ಬೀಳುವುದನ್ನು ಕಲಿಸಿದ್ದರೆ ಇನ್ನೂ ಒಳ್ಳೆಯದು. ಒಂದು ಕಟಾ ಪೂರ್ತಿ ಬರದಿದ್ದರೂ ಚಿಂತೆಯಿಲ್ಲ. ಮೂರು ತಿಂಗಳಿಗೆ ಮೂರು ಕಟಾ ಬರುತ್ತದೆ ಎಂದರೆ ಚಾಕ್‌ಪೀಸಿನ ಗುರುತು ಹಾಕಿ ನೋಡಿ.

ಬಿಳಿ ಬೆಲ್ಟಿನಿಂದ ಕಪ್ಪು ಬೆಲ್ಟಿಗೆ ಸಾಮಾನ್ಯವಾಗಿ ಹತ್ತು ಕ್ಯು ಮೆಟ್ಟಿಲುಗಳು. ಬಣ್ಣಗಳು ಸಂಘಟನೆಯಿಂದ ಸಂಘಟನೆಗೆ ಬೇರೆ. ಆರಂಭದಲ್ಲಿ ಮೂರು ತಿಂಗಳಿಗೊಂದು, ಕಂದು ಬೆಲ್ಟಿನಲ್ಲಿ ಆರು ತಿಂಗಳಿಗೊಂದು ಎಂದು ಹಿಡಿದು, ಮಳೆ, ಜ್ವರ, ಶಾಲೆಯ ಪರೀಕ್ಷೆ ಎಲ್ಲ ಕಳೆದರೆ ನಾಲ್ಕೈದು ವರ್ಷ ಬೇಕೇಬೇಕು. ‘ಎರಡು ವರ್ಷದಲ್ಲಿ ಬ್ಲ್ಯಾಕ್ ಬೆಲ್ಟ್ ಗ್ಯಾರಂಟಿ’ ಎಂಬ ಬೋರ್ಡು ಕಂಡರೆ ಒಳಗೆ ಹೋಗುವ ಕೆಲಸವೂ ಉಳಿಯಿತು. ಪರೀಕ್ಷೆಯ ದಿನವೂ ಕೂತು ನೋಡಿ. ಅರವತ್ತು ಮಕ್ಕಳನ್ನು ಹತ್ತತ್ತರಂತೆ ನಿಲ್ಲಿಸಿ, ಎರಡು ಸುತ್ತು ಕೈಕಾಲು ಆಡಿಸಿ, ಮೊದಲೇ ಬರೆದಿಟ್ಟ ಸರ್ಟಿಫಿಕೇಟು ಹಂಚಿದರೆ ಅದು ಪರೀಕ್ಷೆಯಲ್ಲ. ಪರೀಕ್ಷಕರ ಮುಂದೆ ಪ್ರತಿ ಮಗುವಿನ ಹೆಸರಿನ ಹಾಳೆ ಇರಬೇಕು, ಅದರಲ್ಲಿ ಎರಡು ಸಾಲು ಬರೆದು ಮನೆಗೆ ಕೊಡಬೇಕು. ‘ತಿರುವಿನಲ್ಲಿ ಏಳುತ್ತಾಳೆ. ಎಡಗೈ ಹಿಂದಕ್ಕೆ ಎಳೆಯುವುದು ಅರ್ಧ.’ ಇಂಥ ಎರಡು ಸಾಲು ಬೆಲ್ಟಿಗಿಂತ ಬೆಲೆಬಾಳುತ್ತದೆ, ತೆಗೆದಿಡಿ.

ಸರ್ಕಾರಿ ಶಾಲೆಗಳ ಹೆಣ್ಣುಮಕ್ಕಳಿಗೆ ಸಮಗ್ರ ಶಿಕ್ಷಾ ಅಡಿಯಲ್ಲಿ ನಡೆಯುವ ರಾಣಿ ಲಕ್ಷ್ಮೀಬಾಯಿ ಆತ್ಮರಕ್ಷಣಾ ತರಬೇತಿ ಮೂರು ತಿಂಗಳದ್ದು. ಅಲ್ಲಿ ಅಳತೆಗೋಲೇ ಬೇರೆ. ಮೂರು ತಿಂಗಳಲ್ಲಿ ಕಟಾ ಕಲಿಸಿ, ಕೊನೆಯ ದಿನ ಹೆಂಚು ಒಡೆಸಿ ಫೋಟೊ ತೆಗೆದರೆ ಆ ಮಕ್ಕಳಿಗೆ ದಕ್ಕುವುದು ಕಡಿಮೆ. ಗಟ್ಟಿಯಾಗಿ ‘ಬಿಡು!’ ಎಂದು ಕೂಗುವುದು ಮೊದಲ ಪಾಠವಾಗಬೇಕು. ಹಲವು ಹುಡುಗಿಯರಿಗೆ ಅದೇ ಕಷ್ಟ, ನಾಲ್ಕು ದಿನವಾದರೂ ಬೇಕು. ಮಣಿಕಟ್ಟು ಹಿಡಿದರೆ ಹಿಡಿದವನ ಹೆಬ್ಬೆರಳಿನ ಕಡೆಗೆ ಎಳೆದು ಬಿಡಿಸಿಕೊಳ್ಳುವುದು, ಏಕೆಂದರೆ ನಾಲ್ಕು ಬೆರಳಿಗಿಂತ ಒಂದು ಬೆರಳು ದುರ್ಬಲ. ಬರೀ ತೋಳಿನಿಂದ ಎಳೆಯದೆ ಮೊಣಕೈಯನ್ನು ಅವನ ಕಡೆಗೆ ಮಡಿಸಿ ಮೈಯೆಲ್ಲ ತಿರುಗಿಸುವುದು. ಬಿಡಿಸಿಕೊಂಡ ಕೂಡಲೇ ಓಡುವುದು, ಜನರಿರುವ ಕಡೆಗೆ. ಮನೆಯಲ್ಲೋ ಶಾಲೆಯಲ್ಲೋ ಯಾರಿಗೆ ಹೇಳಬೇಕು, ಮಕ್ಕಳ ಸಹಾಯವಾಣಿ 1098ಕ್ಕೆ ಯಾವಾಗ ಕರೆ ಮಾಡಬೇಕು ಎಂಬುದೂ ಪಾಠದ ಭಾಗವೇ. ತೊಂದರೆ ಕೊಡುವವರು ಪರಿಚಿತರೇ ಆಗಿರುವುದು ಹೆಚ್ಚು ಎಂಬುದನ್ನು ಬಿಟ್ಟು ಕತ್ತಲ ರಸ್ತೆಯ ಅಪರಿಚಿತನ ಬಗ್ಗೆ ಮಾತ್ರ ಕಲಿಸಿದರೆ ಅರ್ಧ ತರಬೇತಿ.

ಕ್ಲಾಸು ಬದಲಿಸುವ ಸಂದರ್ಭವೂ ಬರುತ್ತದೆ. ಮನೆ ಬದಲಾಗುತ್ತದೆ, ಶಿಕ್ಷಕರು ಊರು ಬಿಡುತ್ತಾರೆ, ಅಥವಾ ಮೇಲೆ ಹೇಳಿದ ಯಾವುದೋ ತಪ್ಪು ಕಣ್ಣಿಗೆ ಬೀಳುತ್ತದೆ. ಬೆಲ್ಟು ಹೋಗುತ್ತದೆಂಬ ಹೆದರಿಕೆಯಿಂದ ಕೆಟ್ಟ ಕ್ಲಾಸಿನಲ್ಲೇ ಉಳಿಯುವವರು ಬಹಳ. ಸ್ಟೈಲು ಬದಲಾದರೆ ಒಂದು ಗೊಂದಲ ಖಂಡಿತ: ಶೋಟೊಕಾನಿನ ಹೆಯಾನ್ ಶೋದಾನ್ ಶಿಟೊರ್ಯುವಿನಲ್ಲಿ ಪಿನಾನ್ ನಿದಾನ್. ಫುನಾಕೊಶಿ ಮೊದಲೆರಡು ಕಟಾಗಳ ಕ್ರಮವನ್ನು ಅದಲು ಬದಲು ಮಾಡಿದ್ದರಿಂದ ಒಂದು ಕಡೆಯ ಮೊದಲನೆಯದು ಇನ್ನೊಂದು ಕಡೆ ಎರಡನೆಯದಾಗಿದೆ. ಮಗುವಿಗೆ ಬರುವುದನ್ನು ಹೊಸಬರು ‘ಬರುವುದಿಲ್ಲ’ ಎಂದುಕೊಳ್ಳದಿರಲು ಇದನ್ನು ಮೊದಲೇ ಹೇಳಿ. ಗೊಜುರ್ಯುವಿಗೆ ಹೋದರೆ ಹೆಯಾನ್, ಪಿನಾನ್ ಎಂಬ ಈ ಸರಣಿಯೇ ಇಲ್ಲ, ಗೆಕಿಸಾಯ್ ಎಂಬ ಕಟಾದಿಂದ ಶುರು. ಹೊಸ ಕಡೆ ಮಗುವನ್ನು ಬಿಳಿ ಬೆಲ್ಟು ಕಟ್ಟಿ ಮೂರು ತಿಂಗಳು ನಿಲ್ಲಿಸಿ, ಆಮೇಲೆ ಯಾವ ದರ್ಜೆಗೆ ಕೂರುತ್ತದೋ ನೋಡುತ್ತೇವೆ ಎಂದರೆ ಬೇಸರ ಮಾಡಿಕೊಳ್ಳಬೇಡಿ. ಮೊದಲ ದಿನವೇ ಹಳೆಯ ಬಣ್ಣದ ಬೆಲ್ಟನ್ನು ಒಪ್ಪಿಕೊಂಡು, ವರ್ಗಾವಣೆ ಶುಲ್ಕ ಎಂದು ರಸೀದಿ ಬರೆಯುವವರಿಗಿಂತ, ‘ಎಲ್ಲಿ, ಆ ತಿರುವು ಒಂದು ಸಲ ಮಾಡು ನೋಡೋಣ’ ಎಂದು ನೆಲದ ಹತ್ತಿರ ಬಗ್ಗಿ ಮಗುವಿನ ಪಾದ ನೋಡುವವರ ಬಳಿ ಬಿಟ್ಟು ಬನ್ನಿ.